ಎತ್ತಿಗೆ ಕಣ್ಣು, ಹಾಲಿಗೆ ಲೆಕ್ಕ

(ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಉಪನ್ಯಾಸವೆಂದರೆ ವಚನ, ಜಾನಪದ, ಚರಿತ್ರೆ ಎಂಬ ರೂಢಿ ಬಿದ್ದಿದೆ. ದನಕರುಗಳ ಸಂತಾನದ ಬಗ್ಗೆ ಮಾತನಾಡಿ ಎಂದು ಸಂಘಟಕರು ಕೇಳಿದಾಗ ನನಗೆ ಸಂತೋಷವೇ ಆಯಿತು. ಶರಣರ ಸಾಲಿನಲ್ಲಿ ತುರುಗಾಹಿ ರಾಮಣ್ಣ ಎಂಬ ದನ ಕಾಯುವವನೂ ಇದ್ದ, ಅವನ ಕಾಯಕಕ್ಕೂ ಅಲ್ಲಿ ಜಾಗವಿತ್ತು. ನಾನು ಮಾತನಾಡುವುದು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ಹಳೆಯ ತಾಲ್ಲೂಕುಗಳ ಸೀಮೆಯ ಬಗ್ಗೆ. ಅಲ್ಲಿ ಇವತ್ತು ಚಡಚಣ, ದೇವರಹಿಪ್ಪರಗಿ, ಆಲಮೇಲ, ತಾಳಿಕೋಟಿ, ನಿಡಗುಂದಿ, ಕೊಲ್ಹಾರ ಎಂದು ಹೊಸ ತಾಲ್ಲೂಕುಗಳಾಗಿವೆ. ಈ ಸೀಮೆ ಎಂದಾಗ ಆ ಹಳೆಯ ಎಲ್ಲೆಗಳೊಳಗಿನ ಎಲ್ಲ ಊರುಗಳನ್ನೂ ಸೇರಿಸಿಯೇ ಹೇಳುತ್ತೇನೆ.

ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸೀಮೆಯ ರೈತನಿಗೆ ದನ ನೋಡುವ ಕಣ್ಣಿದೆ. ಆ ಕಣ್ಣು ಪಳಗಿದ್ದು ಎತ್ತು ನೋಡಿ. ಎತ್ತಿನ ಗುಣ ಎತ್ತಿನ ಮೈಮೇಲೇ ಕಾಣುತ್ತದೆ. ಆದರೆ ಹಾಲಿನ ಗುಣ ಹೋರಿಯ ಮೈಮೇಲೆ ಕಾಣುವುದಿಲ್ಲ, ಗಬ್ಬ ನಿಲ್ಲುವ ಗುಣ ಆಕಳ ಮೈಮೇಲೂ ಕಾಣುವುದಿಲ್ಲ. ಅವೆರಡನ್ನೂ ತೋರಿಸಬಲ್ಲದ್ದು ಬರೆದಿಟ್ಟ ಲೆಕ್ಕ ಒಂದೇ. ನಾವು ಎತ್ತಿನ ಕಾಲದಿಂದ ಹಾಲಿನ ಕಾಲಕ್ಕೆ ದಾಟಿದೆವು, ಲೆಕ್ಕದ ವಹಿಯನ್ನು ಮಾತ್ರ ಇನ್ನೂ ತೆರೆದಿಲ್ಲ.

1. ಎತ್ತು ನೋಡುವ ಕಣ್ಣು

ಸಂಕ್ರಮಣದ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಗೋ ಚಡಚಣದ ಸಂಗಮೇಶ್ವರ ಜಾತ್ರೆಗೋ ಹೋದವರು ಆ ಕಣ್ಣು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಕಂಡಿರುತ್ತೀರಿ. ಕೊಳ್ಳುವವನು ಮೊದಲು ದೂರ ನಿಂತು ಹೋರಿಯನ್ನು ನಡೆಸಿ ನೋಡುತ್ತಾನೆ. ಹಿಂಗಾಲು ಮುಂಗಾಲಿನ ಹೆಜ್ಜೆಯ ಮೇಲೇ ಬೀಳುತ್ತದೆಯೋ ಇಲ್ಲವೋ ಗಮನಿಸುತ್ತಾನೆ. ಆಮೇಲೆ ಹತ್ತಿರ ಬಂದು ಗೊರಸು ಕರಿದೋ ಬಿಳಿದೋ, ಸೀಳು ಕೂಡಿದೆಯೋ ಅಗಲಿದೆಯೋ ನೋಡುತ್ತಾನೆ. ತೊಗಲನ್ನು ಚಿವುಟಿ ಎಳೆಯುತ್ತಾನೆ. ಸುಳಿ ಎಲ್ಲೆಲ್ಲಿವೆ ಎಂದು ಹುಡುಕುತ್ತಾನೆ. ಕೊನೆಗೆ ತುಟಿ ಎತ್ತಿ ಹಲ್ಲು ಎಣಿಸುತ್ತಾನೆ. ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿತೋ ಗೊತ್ತಾದ ಮೇಲೆಯೇ ದಲ್ಲಾಳಿಯ ಕೈ ಟಾವೆಲ್ಲಿನ ಅಡಿಗೆ ಹೋಗುವುದು. ಸುಳಿಯ ಶಾಸ್ತ್ರಕ್ಕೆ ವಿಜ್ಞಾನದ ಆಧಾರವಿಲ್ಲ. ಉಳಿದದ್ದೆಲ್ಲ ಪಶುವೈದ್ಯ ಕಾಲೇಜಿನಲ್ಲಿ ಪಾಠ ಮಾಡಬಹುದಾದ ತಿಳಿವಳಿಕೆ.

ಈ ಕಣ್ಣು ಕಡೆದು ನಿಲ್ಲಿಸಿದ ತಳಿಯೇ ಖಿಲ್ಲಾರಿ. ಸೊಲ್ಲಾಪುರ, ಸಾಂಗಲಿ, ಸಾತಾರಾ, ವಿಜಯಪುರ, ಬೆಳಗಾವಿಗಳ ಒಣಭೂಮಿ ಅದರ ತವರು. ಉದ್ದ ಮುಖ, ಹಿಂದಕ್ಕೆ ಬಾಗಿ ಮೇಲೇರುವ ಕೋಡು, ಬಿಗಿದ ಮೈ, ಚುರುಕು ನಡೆ. ಖಿಲ್ಲಾರಿ ಕರು ಹುಟ್ಟಿದಾಗ ನೆತ್ತಿಯ ಮೇಲೆ ತುಕ್ಕುಗೆಂಪು ಮಚ್ಚೆ ಇರುತ್ತದೆ, ಒಂದೆರಡು ತಿಂಗಳಲ್ಲಿ ಮಾಸಿಹೋಗಿ ಕರು ಬೆಳ್ಳಗಾಗುತ್ತದೆ. ಮಚ್ಚೆ ಕಂಡ ಕೂಡಲೇ ಕರು ಅಸಲಿ ಎಂದು ಮನೆಯ ಅಜ್ಜಿಯೂ ಹೇಳುತ್ತಾಳೆ. ಬರಗಾಲದಲ್ಲಿ ಒಣ ಕಣಿಕೆ ತಿಂದು ಬದುಕುವುದು, ಬಿಸಿಲಲ್ಲಿ ಗಾಡಿ ಎಳೆಯುವುದು ಈ ತಳಿಯ ಬಲ. ಹಾಲು ಮಾತ್ರ ಒಂದು ಸೂಲಿಗೆ 400 ಲೀಟರಿನ ಆಸುಪಾಸು. ಕರು ಕುಡಿದು, ಮನೆಯ ಚಹಾಕ್ಕೆ ಆದರೆ ಸಾಕು ಎಂಬ ಲೆಕ್ಕದಲ್ಲಿ ಬೆಳೆದ ತಳಿ ಅದು.

ಕೃಷ್ಣೆಯ ದಂಡೆಯ ಎರೆಹೊಲಕ್ಕೆ ಖಿಲ್ಲಾರಿಯ ಚುರುಕಿನ ಜತೆಗೆ ತೂಕವೂ ಬೇಕಾಗಿತ್ತು. ಆಳವಾದ ಕರಿಮಣ್ಣು ಹದವಾದಾಗ ನೇಗಿಲು ಎಳೆಯುವುದು ಹಗುರ ಎತ್ತಿಗೆ ಆಗದ ಕೆಲಸ. 19ನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಸಾಂಗಲಿ ಕಡೆಯ ಸಂಸ್ಥಾನಿಕರು ಗುಜರಾತಿನ ಗಿರ್ ಮತ್ತು ಕಾಂಕ್ರೇಜ್, ಆಂಧ್ರದ ಒಂಗೋಲ್, ಜತೆಗೆ ಇಲ್ಲಿನ ಮೈಸೂರು ಮಾದರಿಯ ಸ್ಥಳೀಯ ದನ ಕೂಡಿಸಿ ಕೃಷ್ಣಾ ಕಣಿವೆ ಎಂಬ ದೊಡ್ಡ ಮೈಯ ತಳಿ ಎಬ್ಬಿಸಿದರು. ತಳಿ ಬೆರಸುವುದು ಜರ್ಸಿಯ ಜತೆಗೆ ಬಂದ ವಿದೇಶಿ ವಿದ್ಯೆ ಎಂದು ಎಷ್ಟೋ ಮಂದಿ ತಿಳಿದಿದ್ದಾರೆ. ಈ ಕಣಿವೆ ಅದನ್ನು ನೂರು ವರ್ಷಕ್ಕೂ ಹಿಂದೆಯೇ ಮಾಡಿ ನೋಡಿದೆ. ಮಾಡಿದವರಿಗೆ ಯಾವ ಹೊಲಕ್ಕೆ, ಯಾವ ಕೆಲಸಕ್ಕೆ ಎಂಬುದು ಸ್ಪಷ್ಟವಿತ್ತು. ಟ್ರ್ಯಾಕ್ಟರ್ ಬಂದು ಆ ಕೆಲಸ ಹೋಯಿತು, ತಳಿಯೂ ಅಳಿವಿನಂಚಿಗೆ ಸರಿಯಿತು. ಯಾವ ಕೆಲಸಕ್ಕೆಂದು ತಳಿ ಹುಟ್ಟಿತೋ ಆ ಕೆಲಸ ಮುಗಿದ ದಿನ ಅದನ್ನು ಪ್ರೀತಿಯೊಂದೇ ಉಳಿಸಲಾರದು.

2. ಒಳ್ಳೆಯದನ್ನು ಮಾರಿ ಉಳಿದದ್ದನ್ನು ಬಿತ್ತಿದ ಕಥೆ

ಆ ಕಣ್ಣಿಗೂ ಒಂದು ಕುರುಡು ಇತ್ತು. ಬಿಳಿಜೋಳದ ರಾಶಿಯಾಗುವ ಮುಂಚೆ ರೈತ ಹೊಲದಲ್ಲಿ ತಿರುಗಾಡಿ ದಪ್ಪ ತೆನೆ ಆರಿಸಿ ಬೀಜಕ್ಕೆಂದು ಬೇರೆ ಇಡುತ್ತಾನೆ. ದನದ ವಿಷಯದಲ್ಲಿ ಅದೇ ರೈತ ಉಲ್ಟಾ ಮಾಡಿದ. ಸೊಗಸಾದ ಹೋರಿಗರುವಿಗೆ ಬೀಜ ಒಡೆಸಿ ಎತ್ತು ಮಾಡಿದ, ಜೋಡಿ ಕಟ್ಟಿ ಒಳ್ಳೆಯ ರೊಕ್ಕಕ್ಕೆ ಮಾರಿದ. ಯಾರೂ ಕೊಳ್ಳದ ಸೊಟ್ಟಗಾಲಿನ ಹೋರಿ ಊರಲ್ಲೇ ಉಳಿಯಿತು, ಮುಂದಿನ ಪೀಳಿಗೆಗೆ ಅದೇ ತಂದೆಯಾಯಿತು. ಇದು ಸೋಮಾರಿತನದ ಮಾತಲ್ಲ. ಎತ್ತಿನ ಬೆಲೆ ಇವತ್ತೇ ಕೈಗೆ ಬರುತ್ತದೆ, ಬೀಜದ ಹೋರಿಯ ಲಾಭ ನಾಲ್ಕೈದು ವರ್ಷದ ಮೇಲೆ, ಅದೂ ಬೇರೆಯವರ ಕೊಟ್ಟಿಗೆಯಲ್ಲಿ ಕಾಣುತ್ತದೆ.

ಈ ತೊಡಕಿಗೆ ನಮ್ಮ ಹಳ್ಳಿಗಳು ಕಂಡುಕೊಂಡಿದ್ದ ದಾರಿ ದೇವರಿಗೆ ಗೂಳಿ ಬಿಡುವುದು. ಹರಕೆ ಹೊತ್ತವರು ಲಕ್ಷಣವಂತ ಹೋರಿಗರುವನ್ನು ಬಿಟ್ಟರೆ ಅದನ್ನು ಯಾರೂ ಹೂಡುವಂತಿಲ್ಲ, ಮಾರುವಂತಿಲ್ಲ, ಹೊಲಕ್ಕೆ ಬಾಯಿ ಹಾಕಿದರೂ ಹೊಡೆಯುವಂತಿಲ್ಲ. ಮೇವಿನ ಖರ್ಚು ಊರಿನದು, ಸಂತಾನದ ಲಾಭವೂ ಊರಿನದು. ಭಕ್ತಿಯ ನೆರಳಲ್ಲಿ ನಡೆದ ಸಹಕಾರ ಪದ್ಧತಿ ಅದು. ಹರಕೆಗೆ ಒಳ್ಳೆಯ ಕರುವಿನ ಬದಲು ಅಗ್ಗದ ಕರು ಬಿಡುವ ರೂಢಿ ಬಂದಲ್ಲಿ ಪದ್ಧತಿ ಕೆಟ್ಟಿತು.

ಸರಕಾರಕ್ಕೂ ಇದು ಗೊತ್ತಿತ್ತು. ಲಾರ್ಡ್ ಲಿನ್‌ಲಿತ್‌ಗೊ ಅಧ್ಯಕ್ಷತೆಯ ಕೃಷಿ ಆಯೋಗ 1928ರಲ್ಲಿ ದನದ ತಳಿಯ ವಿಷಯವನ್ನೂ ಒಳಗೊಂಡ ವರದಿ ಕೊಟ್ಟಿತು. ಆಗ ವಿಜಯಪುರ ಮುಂಬೈ ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತದ ಸರಕಾರ 1933ರಲ್ಲಿ ಜಾನುವಾರು ಸುಧಾರಣಾ ಕಾಯ್ದೆ ತಂದು, ಕಾಯ್ದೆ ಜಾರಿಯಾದ ಕಡೆ ಬೀಜದ ಹೋರಿ ಇಡಲು ಪರವಾನಗಿ ಬೇಕು, ಪರವಾನಗಿ ಸಿಗದ ಹೋರಿಯ ಬೀಜ ಒಡೆಸಬೇಕು ಎಂದು ಗೊತ್ತುಮಾಡಿತು. ಆದರೆ ಊರೂರಿಗೆ ಒಳ್ಳೆಯ ಹೋರಿ ಒದಗಿಸದೆ ಕೆಟ್ಟ ಹೋರಿ ತೆಗೆಯಿರಿ ಎಂದರೆ ಆಕಳು ಗಬ್ಬ ನಿಲ್ಲುವುದಾದರೂ ಹೇಗೆ?

3. ಹೋರಿ ಹಾಲು ಕೊಡುವುದಿಲ್ಲ

ಹಾಲಿನ ಕಾಲದ ತೊಡಕು ಇದಕ್ಕಿಂತ ದೊಡ್ಡದು. ಎತ್ತಿನ ತಂದೆ ಹೇಗಿರಬೇಕೆಂದರೆ ಎತ್ತಿನ ಹಾಗೇ ಇರಬೇಕು, ನೋಡಿದರೆ ಸಾಕು. ಹೆಚ್ಚು ಹಾಲು ಕೊಡುವ ಆಕಳ ತಂದೆ ಹೇಗಿರುತ್ತಾನೆ? ಯಾರ ಕಣ್ಣಿಗೂ ಕಾಣದು. ಹೋರಿ ಹಾಲು ಕೊಡುವುದಿಲ್ಲ, ಆದರೂ ಹುಟ್ಟುವ ಮಣಕದ ಅನುವಂಶಿಕ ಗುಣದಲ್ಲಿ ಅರ್ಧ ಪಾಲು ಅದರದೇ. ಅದನ್ನು ತಿಳಿಯಲು ಅದರ ತಾಯಿಯ ಹಾಲು ಅಳೆದಿರಬೇಕು. ಇನ್ನೂ ಖಚಿತವಾಗಬೇಕಾದರೆ ಅದರ ಹೆಣ್ಣುಮಕ್ಕಳ ಹಾಲನ್ನು ಹಲವಾರು ಕೊಟ್ಟಿಗೆಗಳಲ್ಲಿ ಅಳೆಯಬೇಕು. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ರಾಬರ್ಟ್ ಬೇಕ್‌ವೆಲ್ ಎಂಬ ರೈತ ತನ್ನ ಟಗರುಗಳನ್ನು ಮಾರದೆ ಹಂಗಾಮಿಗೆ ಬಾಡಿಗೆ ಕೊಡುತ್ತಿದ್ದ. ಬೇರೆಯವರ ಹಿಂಡಿನಲ್ಲಿ ಹುಟ್ಟಿದ ಮರಿ ನೋಡಿ ಯಾವ ಟಗರನ್ನು ಇಟ್ಟುಕೊಳ್ಳಬೇಕೆಂದು ತೀರ್ಮಾನಿಸುತ್ತಿದ್ದ. ಮಕ್ಕಳನ್ನು ನೋಡಿ ತಂದೆಗೆ ಬೆಲೆ ಕಟ್ಟುವ ಕ್ರಮಕ್ಕೆ ಅದು ತಳಹದಿ.

ಕೃತಕ ಗರ್ಭಧಾರಣೆ ಬಂದ ಮೇಲೆ ಇದರ ತೂಕ ನೂರುಪಟ್ಟಾಯಿತು. ಭಾರತದಲ್ಲಿ ಅದು ಮೊದಲು ನಡೆದದ್ದು ನಮ್ಮ ಮೈಸೂರಿನಲ್ಲೇ. 1939ರಲ್ಲಿ ಅರಮನೆಯ ಡೈರಿ ಫಾರ್ಮಿನಲ್ಲಿ ಡಾ. ಸಂಪತ್ ಕುಮಾರನ್ ಅವರು ಹಾಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯವನ್ನು ಹಳ್ಳಿಕಾರ ಆಕಳುಗಳಿಗೆ ಸೇರಿಸಿದರು, 33 ಆಕಳು ಗಬ್ಬವಾದವು. ಆಗ ವೀರ್ಯವನ್ನು ಕೆಲವು ದಿನವಷ್ಟೇ ಕಾಪಾಡಬಹುದಾಗಿತ್ತು. 1949ರಲ್ಲಿ ಇಂಗ್ಲೆಂಡಿನ ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬ ಮೂವರು ಗ್ಲಿಸರಾಲ್ ಬೆರೆಸಿದರೆ ವೀರ್ಯಾಣು ಹೆಪ್ಪುಗಟ್ಟಿಯೂ ಬದುಕುತ್ತದೆ ಎಂದು ತೋರಿಸಿದರು. ಈಗ ದ್ರವ ಸಾರಜನಕದ ಕ್ಯಾನಿನಲ್ಲಿ ಮೈನಸ್ 196 ಡಿಗ್ರಿಯಲ್ಲಿ ಇಟ್ಟ ವೀರ್ಯ ವರ್ಷಗಟ್ಟಲೆ ಇರುತ್ತದೆ. ಹೋರಿ ಸತ್ತ ಮೇಲೂ ಅದರ ಕರು ಹುಟ್ಟಬಹುದು.

ದವಾಖಾನೆಯವರೋ ಹಾಲು ಒಕ್ಕೂಟದವರೋ ನಿಮ್ಮ ಮನೆಗೆ ಬಂದಾಗ ವೀರ್ಯ ತುಂಬಿದ ಸ್ಟ್ರಾ ಕೈಗೆ ತೆಗೆದುಕೊಂಡು ನೋಡಿ. ಕಾಲು ಮಿಲಿಲೀಟರ್ ಹಿಡಿಯುವ ಸಣ್ಣ ನಳಿಗೆ ಅದು. ಅದರೊಳಗೆ ಹೆಪ್ಪುಗಟ್ಟಿಸುವ ಮುಂಚೆ ಸುಮಾರು ಎರಡು ಕೋಟಿ ವೀರ್ಯಾಣು ತುಂಬಿರುತ್ತಾರೆ. ಕ್ಯಾನಿನಿಂದ ತೆಗೆದು 37 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ 30 ಸೆಕೆಂಡು ಅದ್ದಿ, ಒರೆಸಿ, ವೀರ್ಯ ಸೇರಿಸುವ ಗನ್ನಿಗೆ ಹಾಕುತ್ತಾರೆ. ಅಂಗೈಯಲ್ಲಿ ಉಜ್ಜಿಯೋ ಬಾಯಿಯಿಂದ ಊದಿಯೋ ಕರಗಿಸಿದರೆ ಅರ್ಧ ಕೆಲಸ ಅಲ್ಲೇ ಕೆಟ್ಟಂತೆ. ನಳಿಗೆಯ ಮೇಲೆ ಸಣ್ಣಕ್ಷರದಲ್ಲಿ ಹೋರಿಯ ನಂಬರು, ತಳಿ, ವೀರ್ಯ ಕೇಂದ್ರ, ತಯಾರಾದ ದಿನ ಎಲ್ಲ ಅಚ್ಚಾಗಿರುತ್ತವೆ. ಜಾತ್ರೆಯಲ್ಲಿ ಗೊರಸು, ಹಲ್ಲು, ಸುಳಿ ಎಲ್ಲ ನೋಡಿದ ರೈತ ಮುಂದಿನ ಕರುವಿನ ತಂದೆಯ ಹೆಸರಿರುವ ಆ ಒಂದು ಸಾಲನ್ನು ಓದದೆ ನಳಿಗೆಯನ್ನು ತಿಪ್ಪೆಗೆ ಎಸೆಯುತ್ತಾನೆ. ಇವತ್ತಿನ ನನ್ನ ದೂರು ಇಷ್ಟೆ.

4. ಇಪ್ಪತ್ತೊಂದು ದಿನದ ಲೆಕ್ಕ

ಎಂಥ ಹೋರಿ ಎಂಬುದು ಒಂದು ಪ್ರಶ್ನೆ, ಯಾವ ಹೊತ್ತಿಗೆ ಎಂಬುದು ಇನ್ನೊಂದು. ಆಕಳು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಬೆದೆ 12ರಿಂದ 18 ತಾಸು ಇರುತ್ತದೆ. ಅಂಡ ಬಿಡುಗಡೆಯಾಗುವುದು ಬೆದೆ ಮುಗಿದ ಮೇಲೆ, ಸುಮಾರು 10ರಿಂದ 14 ತಾಸಿಗೆ. ಅಂಡದ ಆಯಸ್ಸು ಕೆಲವೇ ತಾಸು, ವೀರ್ಯಾಣುವಿನದು ಒಂದು ದಿನದಷ್ಟು. ಅಂಡ ಬರುವ ಹೊತ್ತಿಗೆ ವೀರ್ಯಾಣು ಅಲ್ಲಿ ತಯಾರಾಗಿ ಕಾದಿರಬೇಕು. ಅದಕ್ಕೇ ಮುಂಜಾನೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಮುಂಜಾನೆ ಎಂಬ ನಿಯಮ. ಅಮೆರಿಕದ ನೆಬ್ರಾಸ್ಕದಲ್ಲಿ 1940ರ ದಶಕದಲ್ಲಿ ಮಾಡಿದ ಪ್ರಯೋಗಗಳಿಂದ ಬಂದ ಈ ನಿಯಮ ಇವತ್ತಿಗೂ ಬಳಕೆಯಲ್ಲಿದೆ.

ಬೆದೆಯ ನಂಬಿಗಸ್ತ ಗುರುತು ಒಂದೇ, ಬೇರೆ ದನ ಮೈಮೇಲೆ ಏರಿದರೆ ಆಕಳು ಕದಲದೆ ನಿಲ್ಲುವುದು. ನಮ್ಮಲ್ಲಿ ಒಂದೆರಡು ದನ, ಅವೂ ಗೂಟಕ್ಕೆ ಕಟ್ಟಿದವು. ಹಾಗಾಗಿ ಆ ಗುರುತು ಸಿಗುವುದೇ ಕಷ್ಟ. ಉಳಿದ ಗುರುತುಗಳನ್ನು ಹುಡುಕಬೇಕು. ತಿಳಿಯಾದ, ಕಡಿಯದೆ ಉದ್ದಕ್ಕೆ ಜೋಲುವ ಲೋಳೆ, ಪದೇಪದೇ ಮೂತ್ರ, ಒದರಾಟ, ಮೇವಿನ ಮೇಲೆ ಮನಸ್ಸಿಲ್ಲದಿರುವುದು, ಆ ಹೊತ್ತಿನ ಹಾಲು ಇಳಿಯುವುದು ಇವೆಲ್ಲ ಬೆದೆಯ ಸೂಚನೆ. ನಸುಕಿನಲ್ಲಿ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ ಬ್ಯಾಟರಿ ಹಿಡಿದು ಹಿಂಭಾಗ ನೋಡಿ. ಬಾಲದ ಕೂದಲಿಗೆ ಅಂಟಿ ಒಣಗಿದ ಲೋಳೆ ಬೆಳಕಿಗೆ ಮಿನುಗಿದರೆ ಬೆದೆ ರಾತ್ರಿಯೇ ಬಂದಿತ್ತು ಎಂದರ್ಥ. ಬೆದೆ ಮುಗಿದ ಒಂದೆರಡು ದಿನಕ್ಕೆ ಕೆಲವು ಆಕಳುಗಳಲ್ಲಿ ಸ್ವಲ್ಪ ರಕ್ತ ಕಾಣುತ್ತದೆ. ಗಾಬರಿ ಬೇಡ, ಆ ದಿನ ಬರೆದಿಡಿ. ಅಲ್ಲಿಂದ 18–19 ದಿನಕ್ಕೆ ಮುಂದಿನ ಬೆದೆ.

ಈಗ ಲೆಕ್ಕಕ್ಕೆ ಬನ್ನಿ. ವರ್ಷಕ್ಕೊಂದು ಕರು ಎಂಬುದು ನಮ್ಮ ಹಾರೈಕೆ. ಆಕಳ ಗಬ್ಬದ ಅವಧಿ ಸುಮಾರು 280 ದಿನ, ಜವಾರಿಯಲ್ಲಿ ಇನ್ನೂ ಕೆಲವು ದಿನ ಹೆಚ್ಚು. 365ರಲ್ಲಿ 280 ಕಳೆದರೆ 85. ಈದ ಮೇಲೆ ಗರ್ಭಕೋಶ ಸುಧಾರಿಸಲು 45ರಿಂದ 60 ದಿನ ಬೇಕು. ಉಳಿದದ್ದು 25ರಿಂದ 40 ದಿನ, ಅಂದರೆ ಒಂದೋ ಎರಡೋ ಬೆದೆ. ಕೃತಕ ಗರ್ಭಧಾರಣೆಯಲ್ಲಿ ಮೂರಕ್ಕೆ ಒಂದೇ ಗಬ್ಬ ನಿಲ್ಲುವುದು ನಮ್ಮ ದೇಶದಲ್ಲಿ ಸಾಮಾನ್ಯ. ಹೀಗಿರುವಾಗ ಒಂದು ಬೆದೆ ಕಣ್ತಪ್ಪಿದರೆ 21 ದಿನ ಕೈಬಿಟ್ಟಂತೆ. ದಿನಕ್ಕೆ ನೂರು ರೂಪಾಯಿ ಮೇವು ಎಂದು ಹಿಡಿದರೂ ಎರಡು ಸಾವಿರದ ನೂರು ರೂಪಾಯಿ. ಹಾಲಿನ ದರ ಒಂದು ರೂಪಾಯಿ ಇಳಿದರೆ ಗದ್ದಲ ಮಾಡುತ್ತೇವೆ, ಕಣ್ತಪ್ಪಿದ ಬೆದೆಗೆ ಗದ್ದಲವಿಲ್ಲ.

ಎಮ್ಮೆಯ ಲೆಕ್ಕ ಬೇರೆ. ಅದರ ಗಬ್ಬ ಸುಮಾರು 310 ದಿನ. 365ರಲ್ಲಿ ಕಳೆದರೆ ಉಳಿಯುವುದು 55 ದಿನ ಮಾತ್ರ. ವರ್ಷಕ್ಕೊಂದು ಕರು ಎಂಬ ಆಸೆ ಎಮ್ಮೆಯ ಮೇಲೆ ಹೇರಿದರೆ ಅನ್ಯಾಯ, 14 ತಿಂಗಳಿಗೊಂದು ಬಂದರೆ ಅದು ಒಳ್ಳೆಯ ಎಮ್ಮೆ. ಎಮ್ಮೆಯದು ಮೂಕಬೆದೆ, ಒದರುವುದು ಕಡಿಮೆ, ಏರುವುದು ಇನ್ನೂ ಕಡಿಮೆ, ಬೇಸಿಗೆಯಲ್ಲಿ ಏನೂ ತೋರಿಸದೆ ಸಾಗಿಬಿಡುತ್ತದೆ. ಮಳೆಗಾಲ ಮುಗಿದು ಚಳಿ ಬಿದ್ದಾಗ ಹೆಚ್ಚಿನ ಎಮ್ಮೆಗಳು ಬೆದೆಗೆ ಬರುತ್ತವೆ. ಅಕ್ಟೋಬರಿನಲ್ಲಿ ಗಬ್ಬವಾದದ್ದು ಆಗಸ್ಟಿನಲ್ಲಿ ಈಯುತ್ತದೆ. ಬೇಸಿಗೆಯಲ್ಲಿ ಮದುವೆ, ಜಾತ್ರೆ ಎಂದು ಹಾಲಿಗೆ ಬೆಲೆ ಏರುವಾಗ ಎಮ್ಮೆಯ ಹಾಲು ಇಳಿಯಲು ಕಾರಣ ಇದೇ. ನೆರಳು, ಮೈಮೇಲೆ ನೀರು, ತಂಪು ಹೊತ್ತಿನ ಮೇವು ಕೊಟ್ಟವರ ಎಮ್ಮೆ ಬೇಸಿಗೆಯಲ್ಲೂ ಬೆದೆ ತೋರಿಸುವುದುಂಟು. ನಮ್ಮ ಗಡಿಭಾಗದಲ್ಲಿ ಕತ್ತಿಯುದ್ದದ ಕೋಡಿನ ಪಂಢರಪುರಿ ಎಮ್ಮೆಯಿದೆ. 2021ರಲ್ಲಿ ಧಾರವಾಡಿ ಎಮ್ಮೆಗೂ ರಾಷ್ಟ್ರಮಟ್ಟದಲ್ಲಿ ತಳಿಯ ಮಾನ್ಯತೆ ಸಿಕ್ಕಿತು. ಎಮ್ಮೆ ಎಂದರೆ ಮುರ‍್ರಾ ಒಂದೇ ಎಂದು ಇವುಗಳನ್ನು ಕೈಬಿಡುವ ಮುಂಚೆ ಇವು ಬಿಸಿಲಲ್ಲಿ ಎಷ್ಟು ಬೇಗ ಗಬ್ಬ ನಿಲ್ಲುತ್ತವೆ ಎಂದು ಬರೆದು ನೋಡಿ.

5. ಹೊಟ್ಟೆಯ ಮಾತು, ಹೆರಿಗೆಯ ಮಾತು

“ಡಾಕ್ಟರ, ನಮ್ಮ ಆಕಳ ಬೆದಿಗೇ ಬರವಲ್ದು, ಒಂದು ಸೂಜಿ ಮಾಡ್ರಿ” ಎಂದು ಕೇಳುವವರು ಬಹಳ. ಎಲುಬು ಎಣಿಸುವಂತಿರುವ ಆಕಳಿಗೆ ಸೂಜಿಯಿಂದ ಆಗುವುದು ಕಡಿಮೆ. ಮೊದಲು ತನ್ನ ಜೀವ, ಆಮೇಲೆ ಕರುವಿನ ಹಾಲು, ಕಡೆಗೆ ಮುಂದಿನ ಗಬ್ಬ, ಈ ಕ್ರಮದಲ್ಲೇ ಅದರ ಮೈ ಮೇವನ್ನು ಹಂಚುತ್ತದೆ. ಬರೀ ಕಣಿಕೆ ತಿಂದು ಬೇಸಿಗೆ ಕಳೆದ ದನಕ್ಕೆ ಹಸಿಮೇವಿನಿಂದ ಬರುವ ಎ ಜೀವಸತ್ವ ಇಲ್ಲ, ರಂಜಕ ಸಾಲದು. ದಿನಕ್ಕೆ 30ರಿಂದ 50 ಗ್ರಾಂ ಖನಿಜ ಮಿಶ್ರಣ, ಸ್ವಲ್ಪ ಹಸಿಮೇವು, ಜಂತಿನ ಔಷಧಿ ಕೊಟ್ಟು ಎರಡು ತಿಂಗಳು ಕಾಯುವುದು ಎಷ್ಟೋ ಸೂಜಿಗಿಂತ ಮೇಲು.

ಮಣಕದ ವಿಷಯದಲ್ಲಿ ವಯಸ್ಸಿಗಿಂತ ತೂಕ ಮುಖ್ಯ. ಮಿಶ್ರತಳಿಯ ಮಣಕ 250 ಕೆಜಿ ಮುಟ್ಟುವ ತನಕ ಕಾಯಬೇಕು. ತೂಕದ ಕಾಟಾ ಬೇಡ, ಒಂದು ಟೇಪು ಸಾಕು. ಮುಂಗಾಲಿನ ಹಿಂದೆ ಎದೆಸುತ್ತು ಇಂಚಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಭುಜದಿಂದ ಪೃಷ್ಠದ ಎಲುಬಿನ ತನಕದ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಎದೆಸುತ್ತು 60, ಉದ್ದ 48 ಇದ್ದರೆ ಸುಮಾರು 262 ಕೆಜಿ. ಆ ಮಣಕ ತಯಾರು.

ಗಬ್ಬ ನಿಂತಿದೆಯೋ ಎಂದು ಎರಡು ಮೂರು ತಿಂಗಳಿಗೆ ಪರೀಕ್ಷೆ ಮಾಡಿಸಲೇಬೇಕು. ಮತ್ತೆ ಬೆದೆಗೆ ಬರಲಿಲ್ಲ, ನಿಂತಿರಬೇಕು ಎಂಬ ನಂಬಿಕೆಯಲ್ಲಿ ಆರು ತಿಂಗಳು ಕಳೆದ ಮನೆಗಳಿವೆ. ಗಬ್ಬದ ಐದಾರು ತಿಂಗಳು ದಾಟಿದ ಮೇಲೆ ಕಂದು ಹಾಕಿದರೆ ಬ್ರುಸೆಲ್ಲಾ ರೋಗದ ಸಂಶಯ ಇರಲಿ. ಅದು ಮನುಷ್ಯರಿಗೂ ಅಂಟುತ್ತದೆ, ಬಿಟ್ಟುಬಿಟ್ಟು ಬರುವ ಜ್ವರ, ಕೀಲುನೋವು ತಿಂಗಳುಗಟ್ಟಲೆ ಕಾಡುತ್ತದೆ. ಸತ್ತ ಕರುವನ್ನೂ ಕಸವನ್ನೂ ಬರಿಗೈಯಲ್ಲಿ ಮುಟ್ಟಬೇಡಿ, ನಾಯಿಗೆ ಎಸೆಯಬೇಡಿ, ಸುಣ್ಣ ಹಾಕಿ ಆಳದಲ್ಲಿ ಹೂಳಿ. ಹಾಲನ್ನು ಕುದಿಸದೆ ಕುಡಿಯಬೇಡಿ. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುವಿಗೆ ಜೀವದಲ್ಲಿ ಒಮ್ಮೆ ಲಸಿಕೆ ಹಾಕಿಸಿದರೆ ಬಹುಪಾಲು ಕಾಟ ತಪ್ಪುತ್ತದೆ.

ಈದ ಮೇಲೆ ಕಸ ಬೀಳುವ ತನಕ ಕರುವಿಗೆ ಗಿಣ್ಣು ಬಿಡಬಾರದು ಎಂಬ ಮಾತು ನಮ್ಮ ಮನೆಗಳಲ್ಲಿ ಇದೆ. ಇದನ್ನು ದಯವಿಟ್ಟು ಕೈಬಿಡಿ. ಗಿಣ್ಣಿನ ರೋಗನಿರೋಧಕ ಅಂಶವನ್ನು ಕರುವಿನ ಕರುಳು ಹೀರಿಕೊಳ್ಳುವುದು ಮೊದಲ ಕೆಲವು ತಾಸುಗಳಲ್ಲಿ, ಒಂದು ದಿನ ಕಳೆದರೆ ಆ ಬಾಗಿಲು ಮುಚ್ಚಿತು. ಕರು ಕೆಚ್ಚಲಿಗೆ ಬಾಯಿ ಹಚ್ಚಿದರೆ ತಾಯಿಯ ಗರ್ಭಕೋಶ ಕುಗ್ಗಿ ಕಸ ಬೀಳಲಿಕ್ಕೂ ಅನುಕೂಲ. ಬೀಳದಿದ್ದರೆ ಕಲ್ಲು ಕಟ್ಟಿ ಎಳೆಯುವುದು ಬೇಡ, ಡಾಕ್ಟರನ್ನು ಕರೆಯಿರಿ. ಇನ್ನೊಂದು ಮಾತು. ಆಕಳಿಗೆ ಅವಳಿಯಾಗಿ ಒಂದು ಹೋರಿಗರು, ಒಂದು ಹೆಣ್ಣುಗರು ಹುಟ್ಟಿದರೆ ಆ ಹೆಣ್ಣುಗರು ನೂರಕ್ಕೆ ತೊಂಬತ್ತರಷ್ಟು ಸಲ ಬಂಜೆಯೇ. ಹೊಟ್ಟೆಯಲ್ಲಿದ್ದಾಗ ಎರಡರ ರಕ್ತವೂ ಕೂಡಿ, ಗಂಡಿನ ರಸದೂತಗಳು ಹೆಣ್ಣಿನ ಗರ್ಭಕೋಶ ಬೆಳೆಯಗೊಡುವುದಿಲ್ಲ. ನಾಲ್ಕು ವರ್ಷ ಮೇಯಿಸಿ ನಿರಾಶರಾಗುವ ಮುಂಚೆ ಪರೀಕ್ಷೆ ಮಾಡಿಸಿ. ಆಡು ಕುರಿಗಳಲ್ಲಿ ಈ ಭಯ ಅಷ್ಟಿಲ್ಲ.

6. ಹಿಂಡಿನ ರಕ್ತ

ಆಡು ಕುರಿಗಳದು ಇನ್ನೊಂದು ಬಗೆಯ ತೊಂದರೆ. ಗಬ್ಬದ ಅವಧಿ 150 ದಿನ, ಮುಂಗಾರಿನ ಹಸಿರು ತಿಂದು ಜೂನ್–ಜುಲೈನಲ್ಲಿ ಟಗರಿಗೆ ಬಂದ ಕುರಿ ನವೆಂಬರ್–ಡಿಸೆಂಬರಿಗೆ ಈಯುತ್ತದೆ. ಇಲ್ಲಿ ಬೆದೆ ಹುಡುಕುವ ಕೆಲಸ ಟಗರೇ ಮಾಡುತ್ತದೆ. ಆದರೆ ಒಂದೇ ಬೀಜದ ಟಗರು ನಾಲ್ಕೈದು ವರ್ಷ ಹಿಂಡಿನಲ್ಲಿ ಉಳಿದರೆ ತನ್ನ ಮಗಳಿಗೇ, ಮೊಮ್ಮಗಳಿಗೇ ಕೂಡುತ್ತದೆ. ತಂದೆ–ಮಗಳ ಕೂಡಿಕೆಯಲ್ಲಿ ಹುಟ್ಟಿದ ಮರಿಗೆ ಒಂದೇ ಮೂಲದ ವಂಶವಾಹಿ ಎರಡೂ ಕಡೆಯಿಂದ ಸೇರುವ ಸಂಭವ ನೂರಕ್ಕೆ 25. ಫಲವಾಗಿ ಮರಿ ಸಣ್ಣದು, ಸಾವು ಹೆಚ್ಚು, ಗಬ್ಬ ಕಡಿಮೆ. ಔಷಧಿಯಿಂದ ಇದು ವಾಸಿಯಾಗದು. 25–30 ಕುರಿಗೆ ಒಂದು ಟಗರು ಇರಲಿ, ಎರಡು ವರ್ಷಕ್ಕೊಮ್ಮೆ ಬದಲಿಸಿ, ಹೊಸ ಟಗರನ್ನು ಪಕ್ಕದ ಮನೆಯಿಂದ ತರದೆ ದೂರದ ಊರಿನ ಹಿಂಡಿನಿಂದ ತನ್ನಿ. ಸಿಂದಗಿಯ ಭೀಮಾ ದಂಡೆಯ ಕುರಿಗಾರರೂ ಮುದ್ದೇಬಿಹಾಳದ ಕೃಷ್ಣಾ ದಂಡೆಯ ಕುರಿಗಾರರೂ ಟಗರು ಅದಲುಬದಲು ಮಾಡಿಕೊಂಡರೆ ಪೈಸೆ ಖರ್ಚಿಲ್ಲದೆ ಇದು ಆಗುತ್ತದೆ.

ನೆರೆಯ ಮಹಾರಾಷ್ಟ್ರದ ಫಲ್ಟಣದಲ್ಲಿ ನಡೆದ ಕೆಲಸವನ್ನೂ ಹೇಳಬೇಕು. ಬಂಗಾಳದ ಸುಂದರಬನದ ಗರೋಲ್ ಎಂಬ ಸಣ್ಣ ಕುರಿಗೆ ಎರಡು ಮೂರು ಮರಿ ಹಾಕುವ ಗುಣವಿದೆ. 1790ರ ದಶಕದಲ್ಲಿ ಬಂಗಾಳದಿಂದ ಆಸ್ಟ್ರೇಲಿಯಾಕ್ಕೆ ಹಡಗಿನಲ್ಲಿ ಹೋದ ಕುರಿಗಳಿಂದಲೇ ಅಲ್ಲಿನ ಬೂರೂಲಾ ಮೆರಿನೊ ಕುರಿಗೆ ಆ ಗುಣ ಬಂದಿತು. ಆ ಒಂದೇ ವಂಶವಾಹಿಯನ್ನು ಫಲ್ಟಣದ ನಿಂಬಕರ್ ಕೃಷಿ ಸಂಶೋಧನ ಸಂಸ್ಥೆಯವರು ನಮ್ಮ ದಖನಿ ಕುರಿಗೆ ಸೇರಿಸಿ ನಾರಿ ಸುವರ್ಣ ಎಂಬ ಕುರಿ ಎಬ್ಬಿಸಿದರು. ಇಲ್ಲೂ ವಿವೇಕ ಬೇಕು. ಮೇವಿಲ್ಲದ ವರ್ಷ ಎರಡು ಮರಿ ಹಾಕಿದ ಕುರಿ ಎರಡನ್ನೂ ಸಾಕಲಾರದು. ಅವಳಿ ಬೇಕೆನ್ನುವವನು ಮೊದಲು ಮೇವಿನ ಬಣವಿ ನೋಡಿಕೊಳ್ಳಬೇಕು. ಉಸ್ಮಾನಾಬಾದಿ ಆಡು ಸಾಕುವವರಿಗೆ ಈ ಅನುಭವ ಹೊಸದಲ್ಲ.

7. ಯಾವ ಕೊಟ್ಟಿಗೆಗೆ ಯಾವ ಬೀಜ

ಜರ್ಸಿ ಒಳ್ಳೆಯದೋ ಜವಾರಿ ಒಳ್ಳೆಯದೋ ಎಂದು ಸಭೆಗಳಲ್ಲಿ ವಾದ ನಡೆಯುತ್ತದೆ. ಪ್ರಶ್ನೆ ಕೇಳಬೇಕಾದದ್ದು ಕೊಟ್ಟಿಗೆಗೆ. ನೀರಾವರಿ ಇದೆ, ವರ್ಷವಿಡೀ ಹಸಿಮೇವು ಇದೆ, ನೆರಳಿದೆ, ಹಾಲಿನ ಡೈರಿ ಹತ್ತಿರ ಇದೆ ಎಂದಾದರೆ ಮಿಶ್ರತಳಿ ಸರಿ. ಅಲ್ಲೂ ವಿದೇಶಿ ರಕ್ತ ಅರ್ಧದ ಆಸುಪಾಸಿನಲ್ಲಿ ನಿಲ್ಲಲಿ. ಪೀಳಿಗೆಯಿಂದ ಪೀಳಿಗೆಗೆ ಎಚ್ಚೆಫ್ (ಹಾಲ್‌ಸ್ಟೀನ್ ಫ್ರೀಸಿಯನ್) ಸ್ಟ್ರಾವನ್ನೇ ಹಾಕಿಸುತ್ತ ಹೋದರೆ ಅರ್ಧ ಮುಕ್ಕಾಲಾಗುತ್ತದೆ, ಮುಕ್ಕಾಲು ಎಂಟರಲ್ಲಿ ಏಳು ಪಾಲಾಗುತ್ತದೆ. ಕಾಗದದ ಮೇಲೆ ಹಾಲು ಏರುತ್ತದೆ, ಏಪ್ರಿಲ್–ಮೇ ತಿಂಗಳ 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಆಕಳು ತೇಕುತ್ತ ನಿಂತು ಗಬ್ಬ ನಿಲ್ಲುವುದಿಲ್ಲ. ಮಳೆ ನಂಬಿದ ಹೊಲ, ಕಣಿಕೆಯೇ ಮೇವು, ಜಾತ್ರೆಯಲ್ಲಿ ಹೋರಿಗರು ಮಾರುವ ಮನೆ ಎಂದಾದರೆ ಖಿಲ್ಲಾರಿಯೇ ಸರಿ.

ಹೆಣ್ಣುಗರುವೇ ಹುಟ್ಟುವಂತೆ ವಿಂಗಡಿಸಿದ ವೀರ್ಯ ಈಗ ಬಂದಿದೆ, ನೂರಕ್ಕೆ ತೊಂಬತ್ತರಷ್ಟು ಹೆಣ್ಣೇ. ಹಾಲಿನ ಮನೆಗೆ ಅದು ವರ. ಖಿಲ್ಲಾರಿಯ ಮನೆಯಲ್ಲಿ ಲೆಕ್ಕ ತಿರುಗುಮುರುಗು, ಅಲ್ಲಿ ರೊಕ್ಕ ತರುವುದೇ ಹೋರಿಗರು. ಒಂದೇ ಉಪಕರಣ ಎರಡು ಮನೆಗೆ ಎರಡು ಉತ್ತರ ಕೊಡುತ್ತದೆ. ಅದಕ್ಕೇ ಯಾರೋ ಹಾಕಿಸಿದರೆಂದು ನಾವೂ ಹಾಕಿಸಬಾರದು.

8. ವಹಿ

ಇಷ್ಟೆಲ್ಲ ಹೇಳಿದ್ದರ ಗುರಿ ಒಂದೇ ಬೇಡಿಕೆ. ನಮ್ಮ ಊರುಗಳ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಮುಂಜಾನೆ ಸಂಜೆ ಎರಡೂ ಹೊತ್ತು ಬರೆಯುತ್ತಾರೆ, ಎಷ್ಟು ಲೀಟರ್, ಫ್ಯಾಟ್ ಎಷ್ಟು ಎಂದು. ಇಷ್ಟು ಶಿಸ್ತಿನ ಬರಹ ಹಳ್ಳಿಯಲ್ಲಿ ಬೇರೆಲ್ಲೂ ಇಲ್ಲ. ಆದರೆ ಆ ವಹಿಯಲ್ಲಿ ಇರುವುದು ಹಾಲು ಹಾಕಿದವನ ಹೆಸರು, ಹಾಲು ಕೊಟ್ಟ ಆಕಳ ಹೆಸರಲ್ಲ. ಮೂರು ಆಕಳ ಹಾಲು ಒಂದೇ ಕ್ಯಾನಿಗೆ ಬಿದ್ದ ಕೂಡಲೇ ಯಾವುದು ಮನೆ ನಡೆಸುತ್ತಿದೆ, ಯಾವುದು ಮನೆಯನ್ನು ತಿನ್ನುತ್ತಿದೆ ಎಂಬುದು ಗೊತ್ತಾಗದೆ ಹೋಗುತ್ತದೆ.

ಆಕಳ ಕಿವಿಯಲ್ಲಿ ಈಗ 12 ಅಂಕಿಯ ಹಳದಿ ಬಿಲ್ಲೆ ಇದೆ. ಹಲವರಿಗೆ ಅದು ವಿಮೆಗೂ ಸರಕಾರಿ ಸವಲತ್ತಿಗೂ ಬೇಕಾದ ಗುರುತು. ಅದು ಆಕಳ ಖಾತೆ ನಂಬರು ಎಂದುಕೊಳ್ಳಿ. ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ, ಒಂದು ಆಕಳಿಗೆ ಒಂದು ಪುಟ. ಬೆದೆ ಕಂಡ ದಿನ, ಹಾಕಿಸಿದ ಸ್ಟ್ರಾದ ಹೋರಿ ನಂಬರು, ಗಬ್ಬ ಪರೀಕ್ಷೆಯ ಫಲ, ಈದ ದಿನ ಮತ್ತು ಕರು ಗಂಡೋ ಹೆಣ್ಣೋ, ತಿಂಗಳಿಗೊಂದು ದಿನ ಬೇರೆಯಾಗಿ ಅಳೆದ ಎರಡು ಹೊತ್ತಿನ ಹಾಲು, ಈ ಐದು ಸಂಗತಿ ಸಾಕು. ಖಿಲ್ಲಾರಿ ಸಾಕಿದವರು ಹಾಲಿನ ಜಾಗದಲ್ಲಿ ಕರು ಮಾರಿದ ಬೆಲೆ ಬರೆಯಲಿ. ಹಾಲು ಹಿಂಡುವುದು, ಬೆದೆಯನ್ನು ಮೊದಲು ಗುರುತಿಸುವುದು ಬಹುಪಾಲು ಮನೆಯ ಹೆಣ್ಣುಮಕ್ಕಳು. ನೋಟ್‌ಬುಕ್ಕೂ ಅವರ ಕೈಯಲ್ಲೇ ಇರಲಿ, ಯಾವ ದನ ಇಡಬೇಕು, ಯಾವುದು ಮಾರಬೇಕು ಎಂಬ ತೀರ್ಮಾನದಲ್ಲಿ ಅವರ ಮಾತೂ ನಡೆಯಲಿ.

ಒಂದು ಮನೆಯ ವಹಿ ಆ ಮನೆಗೆ ಉಪಯೋಗ. ಸಂಘದ ಐವತ್ತು ಮನೆಯ ವಹಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ಬೇರೆಯದೇ ಸಂಗತಿ ಹೊರಬೀಳುತ್ತದೆ. ಯಾವ ನಂಬರಿನ ಹೋರಿಯ ಹೆಣ್ಣುಮಕ್ಕಳು ವಿಜಯಪುರದ ಬೇಸಿಗೆಯಲ್ಲೂ ಬೆದೆಗೆ ಬಂದವು, ಕಣಿಕೆ ತಿಂದೂ ಹಾಲು ಇಳಿಸಲಿಲ್ಲ, ಯಾವುದರ ಮಕ್ಕಳು ಎರಡನೆಯ ಸೂಲಿಗೇ ಕೈಕೊಟ್ಟವು ಎಂಬುದು. ವೀರ್ಯ ಕೇಂದ್ರದವರು ಹೋರಿಯ ತಾಯಿಯ ಹಾಲನ್ನು ಹೇಳಬಲ್ಲರು. ಅದರ ಮಗಳು ಇಂಡಿಯ ನಿಂಬೆ ತೋಟದ ಬದುವಿನಲ್ಲೋ ಬಾಗೇವಾಡಿಯ ಎರೆಹೊಲದ ದಂಡೆಯಲ್ಲೋ ಹೇಗೆ ಬಾಳಿತು ಎಂಬುದನ್ನು ನೀವೇ ಬರೆದು ಹೇಳಬೇಕು. ಅದನ್ನು ಕೈಯಲ್ಲಿ ಹಿಡಿದು ಹೋದ ಊರು ಇಂಥ ನಂಬರಿನ ಹೋರಿ ಬೇಕು, ಇಂಥದ್ದು ಬೇಡ ಎಂದು ಹಕ್ಕಿನಿಂದ ಕೇಳಬಹುದು. ಬಂದ ಸ್ಟ್ರಾ ಹಾಕಿಸಿಕೊಳ್ಳುವ ಊರು, ಬೇಕಾದ ಸ್ಟ್ರಾ ತರಿಸಿಕೊಳ್ಳುವ ಊರಾಗಲು ಐದು ವರ್ಷದ ಬರಹ ಸಾಕು. ಈ ಸಭೆಯಲ್ಲಿರುವ ಸಂಘಗಳ ಕಾರ್ಯದರ್ಶಿಗಳು ಮುಂದಿನ ಆಡಳಿತ ಮಂಡಳಿ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಬೇಕೆಂದು ಕೇಳಿಕೊಳ್ಳುತ್ತೇನೆ.